ಒಂದೇ ಪಟ್ಟಿಗೆ ಕೇಳುವ ಹಾಡು

ಮೊದಲು ಕೊಟ್ಟಿಗೆಯ ಲೈಟು ಹಾಕಬೇಕು. ಎರಡು ಹಸು, ಒಂದು ಕಡಸಿನ ಕಾಲಡಿಯ ಸಗಣಿ ಬಾಚಿ ತಿಪ್ಪೆಗೆ ಹಾಕಬೇಕು, ಗಂಜಲ ಹೋಗುವಂತೆ ನೆಲಕ್ಕೆ ನೀರು ಹೊಡೆಯಬೇಕು. ಬೂಸ ಕಲಸಿಟ್ಟು, ಕೆಚ್ಚಲು ತೊಳೆದು, ಹಾಲು ಕರೆಯಬೇಕು. ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಉರಿ ಹಚ್ಚಬೇಕು, ಯಾಕೆಂದರೆ ಗೀಸರಿನ ನೀರು ಮಾವನ ಮೈಗೆ ಹಿಡಿಸುವುದಿಲ್ಲ. ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆಯಬೇಕು. ನಲ್ಲಿ ಬರುವ ದಿನವಾದರೆ ಡ್ರಮ್ಮು ತುಂಬಬೇಕು. ಮಗಳ ಡಬ್ಬಿಗೆ ಚಿತ್ರಾನ್ನ, ಗಂಡನ ಡಬ್ಬಿಗೆ ಚಪಾತಿ. ಇಬ್ಬರಿಗೂ ಒಂದೇ ಮಾಡಿದರೆ ಇಬ್ಬರೂ ತಿನ್ನುವುದಿಲ್ಲ. ಆಮೇಲೆ ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಲ್ಲಬೇಕು. ಇಷ್ಟಾಗುವ ಹೊತ್ತಿಗೆ ಅರಕೆರೆಗೆ ಬೆಳಗಾಗುತ್ತದೆ. ಅಲ್ಲಿಂದ ಮುಂದಿನದನ್ನು ಮನೆಯವರು ಕೆಲಸ ಅನ್ನುತ್ತಾರೆ. ಅದಕ್ಕೂ ಹಿಂದಿನದು ಕತ್ತಲಲ್ಲಿ ತಾನಾಗೇ ಆಗಿಹೋದದ್ದು.

ಇಷ್ಟನ್ನೂ ಮಾಡುವ ಚೈತ್ರಳ ಕುತ್ತಿಗೆಯಲ್ಲಿ ತಾಳಿಯ ಜೊತೆಗೆ ಇನ್ನೊಂದು ಕಪ್ಪು ದಾರದಂಥದ್ದು ಇರುತ್ತಿತ್ತು. ಹಾಡು ಕೇಳುವ ನೆಕ್‌ಬ್ಯಾಂಡು. ಅದರ ಬಲಗಡೆಯ ಗುಂಡಿ ಕಿವಿಯಲ್ಲಿ, ಎಡಗಡೆಯದು ಎದೆಯ ಮೇಲೆ ಜೋತಾಡುತ್ತಾ. ಎಡಗಿವಿ ಮನೆಯದು. ಅತ್ತೆ ಕರೆದರೆ, ಕುಕ್ಕರು ಕೂಗಿದರೆ, ಹಸು ಹಗ್ಗ ಜಗ್ಗಿದರೆ ಕೇಳಿಸಬೇಕಲ್ಲ. ಬಲಗಿವಿ ಮಾತ್ರ ಅವಳದು.

ಆ ಬಲಗಿವಿಯಲ್ಲಿ ಅವಳು ಕೇಳುತ್ತಿದ್ದದ್ದು ದೇವರ ನಾಮವೂ ಅಲ್ಲ, ಸಿನಿಮಾ ಹಾಡೂ ಅಲ್ಲ. ಮಾತೇ ಇಲ್ಲದ, ಕಂಪ್ಯೂಟರಿನಲ್ಲಿ ಕಟ್ಟಿದ ಸಂಗೀತ. ಅದನ್ನು ಮಾಡುವವರು ಇಬ್ಬರು: ನಾಗಮಂಗಲದ ಸಿದ್ದಾರ್ಥ, ಕೆ.ಆರ್. ಪೇಟೆಯ ಪ್ರಿಯಾಂಕ. ತಮ್ಮ ಜೋಡಿಗೆ ಅವರಿಟ್ಟುಕೊಂಡ ಹೆಸರು ‘ತೂಬು’. ಗದ್ದೆ ಬಯಲಿನ ಕಡೆಯ ಮಕ್ಕಳಿಗೂ ಗೊತ್ತಿರುವ ಪದ. ನಾಲೆಯ ನೀರನ್ನು ಗದ್ದೆಗೆ ಬಿಡುವ ಕಂಡಿ.

ಚೈತ್ರಳಿಗೆ ಈ ಹುಚ್ಚು ಹಿಡಿದದ್ದಕ್ಕೆ ಹಿಂದಿನ ಕಾರಣವೊಂದಿತ್ತು. ಅವಳ ತವರು ನಾಗಮಂಗಲದ ಹತ್ತಿರದ ಹಳ್ಳಿ. ಪಿಯುಸಿ ಮುಗಿದ ಮೇಲೆ ಅವಳು ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ತಗಡಿನ ಚಾವಣಿಯ ಆ ದೊಡ್ಡ ಹಾಲಿನಲ್ಲಿ ಸಾಲುಸಾಲು ಮಿಷನ್ನುಗಳು ಒಟ್ಟಿಗೆ ಓಡುವಾಗ ಬೇರೆಯವರಿಗೆ ತಲೆನೋವು ಬರುತ್ತಿತ್ತು. ಇವಳಿಗೆ ಆ ಗದ್ದಲದ ಅಡಿಯಲ್ಲಿ ಒಂದು ತಾಳ ಕೇಳಿಸುತ್ತಿತ್ತು. ಒಂದು ಸಾಲು ನಿಂತರೆ ತಾಳ ಬದಲಾಗುತ್ತಿತ್ತು, ಮತ್ತೆ ಸೇರಿಕೊಂಡರೆ ತುಂಬಿಕೊಳ್ಳುತ್ತಿತ್ತು. ಪಕ್ಕದ ಮಿಷನ್ನಿನವಳಿಗೆ ಹೇಳಿದಾಗ ಅವಳು, “ನಿಂಗೆ ಮದ್ವೆ ವಯಸ್ಸಾಗದೆ ಕಣೆ, ಅದ್ಕೆ ಎಲ್ಲಾದ್ರಾಗೂ ವಾಲಗ ಕೇಳುಸ್ತದೆ,” ಅಂದಿದ್ದಳು. ಮದುವೆಯೂ ಆಯಿತು. ನೀರಾವರಿ ಕಡೆಯ ಮನೆ, ನಾಲೆ ಬದಿಯ ಗದ್ದೆ ಅಂತ ಅಪ್ಪ ನಂಜಪ್ಪ ಊರಲ್ಲೆಲ್ಲ ಹೇಳಿಕೊಂಡು ಬಂದ. ಮಿಷನ್ನುಗಳ ತಾಳ ಅಲ್ಲಿಗೆ ಮುಗಿಯಿತು. ಹತ್ತು ವರ್ಷದ ಮೇಲೆ, ಮೈಸೂರಿನಲ್ಲಿ ನರ್ಸಾಗಿದ್ದ ತಂಗಿ ಸ್ನೇಹ, “ಅಕ್ಕ, ಇದು ನಮ್ಮ ಕಡೆಯೋರು ಮಾಡಿರೋದು, ಕೇಳು,” ಎಂದು ‘ತೂಬು’ವಿನ ಮೊದಲ ಆಲ್ಬಮ್ಮನ್ನು ಫೋನಿಗೆ ಕಳಿಸಿದಾಗ ಚೈತ್ರ ರಾಗಿ ಬೀಸಿಸಲು ಫ್ಲೋರ್‌ಮಿಲ್ಲಿನ ಮುಂದೆ ನಿಂತಿದ್ದಳು. ಅವತ್ತು ಹಿಟ್ಟಿನ ಚೀಲ ಅಲ್ಲೇ ಮರೆತು ಮನೆಗೆ ಬಂದಳು.

ಅಭಿಮಾನಿಗಳದ್ದೊಂದು ವಾಟ್ಸಾಪ್ ಗುಂಪಿತ್ತು. ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಚಿಕ್ಕಸ್ವಾಮಿ ಅದರ ಯಜಮಾನ. ‘ತೂಬು’ವಿನ ಎರಡನೇ ಆಲ್ಬಮ್ಮು ‘ಕಟ್ಟು ನೀರು’ ಒಂದು ಶುಕ್ರವಾರ ಹೊರಬಂತು. ನಾಲೆಗೆ ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸಿ, ಮತ್ತೆ ಬಿಡುವುದಕ್ಕೆ ಈ ಕಡೆ ಕಟ್ಟು ಅನ್ನುತ್ತಾರೆ. ಆಲ್ಬಮ್ಮೂ ಹಾಗೇ ಇತ್ತು. ಬಿಡಿ ಬಿಡಿ ಹಾಡುಗಳಿಲ್ಲ. ಮುಕ್ಕಾಲು ಗಂಟೆಗೂ ಮಿಕ್ಕು ಒಂದೇ ಹರಿವು.

ಅವತ್ತು ಸಂಜೆಗೇ ಗುಂಪು ಸಂತೆಯಾಯಿತು.

“ಗುರು, ಎದೆ ಅದುರೋಯ್ತು,” ಎಂದು ಬರೆದ ಚಿನಕುರಳಿಯ ಕೃಷ್ಣ. ಅವನದು ಕಲ್ಲು ಸಾಗಿಸುವ ಟ್ರಾಕ್ಟರು. “ಟ್ರಾಕ್ಟರಲ್ಲಿ ಹಾಕ್ದೆ. ಕ್ವಾರಿಲಿ ಬಂಡೆ ಹೊಡೆಯೋರೂ ಕೆಲ್ಸ ಬುಟ್ಟು ನಿಂತ್ಕಂಡ್ರು.”

“ಹಳೇದ್ರ ಮುಂದೆ ಇದು ಸಪ್ಪೆ ಕಣ್ಲಾ. ಉಪ್ಪಿಲ್ಲ, ಖಾರ ಇಲ್ಲ,” ಎಂದ ಇನ್ನೊಬ್ಬ.

“ನಿನ್ ನಾಲ್ಗೆ ಸತ್ತೋಗದೆ, ಡಾಕ್ಟ್ರಿಗೆ ತೋರ್ಸು,” ಎಂದ ಕೃಷ್ಣ.

ಸ್ನೇಹ ಬರೆದಳು: “ಶಿಫ್ಟು ಮುಗಿಸಿ ಬರುವಾಗ ಬಸ್ಸಲ್ಲಿ ಕೇಳಿದೆ. ಇಳಿಯೋ ಸ್ಟಾಪು ದಾಟಿಹೋಗಿತ್ತು. ಬೇಜಾರಾಗಲಿಲ್ಲ.”

ಚೈತ್ರ ಆ ಹೊತ್ತಿಗೆ ಅದನ್ನು ತುಂಡು ತುಂಡಾಗಿ ಕೇಳಿದ್ದಳು. ಕೊಟ್ಟಿಗೆಯಲ್ಲಿ ಸ್ವಲ್ಪ, ಪಾತ್ರೆ ತೊಳೆಯುವಾಗ ಸ್ವಲ್ಪ, ಸೊಪ್ಪು ಬಿಡಿಸುವಾಗ ಸ್ವಲ್ಪ. ಸೊಪ್ಪು ಮುಗಿಯುವ ಹೊತ್ತಿಗೆ ಕಿವಿಯಲ್ಲಿ ಸದ್ದು ಸಣ್ಣಗಾಗುತ್ತಾ, ಇಳಿಯುತ್ತಾ, ನಿಂತೇ ಹೋಯಿತು. ಮುಗಿಯಿತು ಅಂದುಕೊಂಡು ಗುಂಡಿ ಕಿತ್ತು ಒಗ್ಗರಣೆಗೆ ಎದ್ದಳು. ಒಗ್ಗರಣೆ ಸಿಡಿಯುವಾಗಲೇ ಒಂದು ಕೈಯಲ್ಲಿ ಬರೆದು ಹಾಕಿದಳು: “ನಾಲೆ ನಿಲ್ಲಿಸಿದ ಹಾಗೆ ಮುಗಿಸಿದ್ದಾರೆ. ಇಷ್ಟು ಧೈರ್ಯವಾಗಿ ಯಾರೂ ಹಾಡು ಮುಗಿಸಲ್ಲ.”

ಫೋನಿನ ಕಟಕಟ ಶುರುವಾಯಿತು.

“ಅಕ್ಕೋ, ಅದು ಮುಗುದಿಲ್ಲ ಕಣಕ್ಕ! ನಡೂಮಧ್ಯದಲ್ಲಿ ಮೂರ್ನಾಕ್ ನಿಮ್ಷ ಸುಮ್ನಾಗಿ ಮತ್ತೆ ಬತ್ತದೆ. ಅರ್ಧಕ್ಕೇ ಎದ್ದೋದ್ರಾ? ಕುಕ್ಕರ್ ಕೂಗ್ತಾ?” ಎಂದ ಕೃಷ್ಣ.

“ಅಕ್ಕ ತಾಂಬೂಲ ತಗಂಡು ಒಂಟೋಗವ್ರೆ, ಊಟಕ್ಕೆ ಇನ್ನೂ ಎಲೆನೇ ಹಾಕಿಲ್ಲ,” ಎಂದ ಮತ್ತೊಬ್ಬ. ನಗುವ ಮುಖಗಳು ಸಾಲಾಗಿ ಬಂದು ಬಿದ್ದವು.

ಚೈತ್ರ ಒಲೆಯ ಮುಂದೆ ಕೆಂಪಾದಳು. ಮದುವೆಯಾಗಿ ಬಂದ ಹೊಸದರಲ್ಲಾಗಿದ್ದರೆ ಅವಳು ಈ ತಪ್ಪು ಮಾಡುತ್ತಿರಲಿಲ್ಲ. ಅರಕೆರೆಯಲ್ಲಿ ಇಷ್ಟು ವರ್ಷ ಬದುಕಿದ ಮೇಲೆ, ನಾಲೆಯ ಸದ್ದು ಇಳಿಯಿತೆಂದರೆ ಬಯಲಲ್ಲಿದ್ದವರು ಗುದ್ದಲಿ ತೊಳೆದು, ಟವೆಲು ಕೊಡವಿ ಮನೆ ಕಡೆ ಹೊರಡುವುದನ್ನು ಕಂಡ ಮೇಲೆ, ಸದ್ದು ನಿಂತರೆ ಕೈ ತಾನಾಗೇ ಮುಂದಿನ ಕೆಲಸಕ್ಕೆ ಹೋಗುತ್ತಿತ್ತು.

ಮಾರನೇ ದಿನ ಚಿಕ್ಕಸ್ವಾಮಿ ಗುಂಪಿನಲ್ಲಿ ಬರೆದ: “ಮುಂದಿನ ಭಾನುವಾರ ಸಾಯಂಕಾಲ ಸಿದ್ದಾರ್ಥ, ಪ್ರಿಯಾಂಕ ಇಬ್ಬರೂ ಗ್ರೂಪ್ ಕಾಲಿಗೆ ಬರ್ತಾವ್ರೆ. ನಮ್ಮಲ್ಲಿ ಐದು ಜನ ಅವರ ಹತ್ರ ಮಾತಾಡಬಹುದು. ಒಂದೇ ಪಟ್ಟಿಗೆ, ನಿಲ್ಲಿಸದೆ ಪೂರ್ತಿ ಕೇಳಿದವರು ಮಾತ್ರ ಹೆಸರು ಕೊಡಿ. ಅರ್ಧಂಬರ್ಧ ಕೇಳಿ ಬಾಯಿಗ್ ಬಂದಂಗೆ ಹೇಳೋರು ಬ್ಯಾಡ.”

ಮೊದಲು ಹೆಸರು ಕೊಟ್ಟವಳು ಚೈತ್ರ.

“ಅಕ್ಕ, ಪೂರ್ತಿ ಕೇಳುದ್ರಾ?” ಎಂದ ಚಿಕ್ಕಸ್ವಾಮಿ.

“ಇನ್ನೂ ಇಲ್ಲ. ಭಾನುವಾರದೊಳಗೆ ಕೇಳಿರ್ತೀನಿ.”

ಸ್ನೇಹ ಕೂಡಲೇ ಫೋನು ಮಾಡಿದಳು. “ಕೇಳ್ದೆ ಅಂದ್ಬುಡಕ್ಕ. ಯಾರು ನೋಡಕ್ ಬತ್ತಾರೆ?”

“ನಾನಿಲ್ವಾ ನೋಡಕ್ಕೆ?” ಎಂದಳು ಚೈತ್ರ. ಆ ಇಬ್ಬರು ಕಟ್ಟಿದ್ದನ್ನು ಅವರು ಕಟ್ಟಿದ ಹಾಗೇ ಕೇಳಬೇಕು, ಕೇಳಿದ್ದನ್ನು ಅವರಿಗೇ ಹೇಳಬೇಕು. ಇದು ಅವಳ ಮನಸ್ಸಿನಲ್ಲಿ ಗೂಟ ಹೊಡೆದ ಹಾಗೆ ನಿಂತುಬಿಟ್ಟಿತು.

ಮುಕ್ಕಾಲು ಗಂಟೆ. ಅದೇನು ಮಹಾ ಅನ್ನಿಸಿತು. ದಿನದಲ್ಲಿ ಎಷ್ಟೊಂದು ಗಂಟೆಗಳಿವೆ. ಹುಡುಕಲು ಹೊರಟಾಗಲೇ ಗೊತ್ತಾದದ್ದು, ಅವಳ ದಿನದಲ್ಲಿ ಅಷ್ಟು ಉದ್ದದ ತುಂಡೇ ಇರಲಿಲ್ಲ. ಎಲ್ಲಾ ಚೂರು.

ಸೋಮವಾರ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಕೂತಳು. ಹಾಡು ಇನ್ನೂ ಕುದುರುತ್ತಿತ್ತು, ಬಾಗಿಲು ಬಡಿದ ಸದ್ದಾಯಿತು. ಗಂಡ ದಿಲೀಪ್. ಶ್ರೀರಂಗಪಟ್ಟಣದ ಗೊಬ್ಬರದಂಗಡಿಯಲ್ಲಿ ಅವನಿಗೆ ಲೆಕ್ಕ ಬರೆಯುವ ಕೆಲಸ.

“ಚೈತ್ರ, ನನ್ ಟವೆಲ್ ಎಲ್ಲೈತೆ?”

“ನಿಮ್ಮ ಹೆಗಲ ಮೇಲೆ ನೋಡ್ಕಳಿ.”

ಹೊರಗೆ ಟವೆಲು ಕೊಡವಿದ. “ಹ್ಞೂ, ಇಲ್ಲೇ ಅದೆ. ಸೋಪು?”

ಮಂಗಳವಾರ ಹುಲ್ಲು ಕೊಯ್ಯುವ ನೆಪದಲ್ಲಿ ಬದುವಿಗೆ ಹೋದಳು. ಪಕ್ಕದ ಗದ್ದೆಯ ಸಿದ್ದಲಿಂಗಮ್ಮ ಕುಡುಗೋಲು ಹಿಡಿದು ಬಂದು ಹತ್ತಿರವೇ ಕೂತು, ತನ್ನ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂಬುದನ್ನು ಬುಡದಿಂದ ತುದಿಯವರೆಗೆ ಹೇಳಿದಳು. ಬುಧವಾರ ಮಗಳು ಅನುವಿಗೆ ಜ್ವರ.

ಗುರುವಾರ ಅತ್ತೆ ಬೆಟ್ಟಮ್ಮನನ್ನು ಗಂಜಾಂನ ನಿಮಿಷಾಂಬನ ಗುಡಿಗೆ ಕರೆದುಕೊಂಡು ಹೋಗಬೇಕಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆಗಲಿ, ಇದೇ ಸಮಯ ಎಂದು ಚೈತ್ರ ಎರಡೂ ಕಿವಿಗೆ ಹಾಕಿಕೊಂಡಳು. ಬಸ್ಸು ಊರು ದಾಟಿರಲಿಲ್ಲ, ಬೆಟ್ಟಮ್ಮ ಮೊಣಕೈಯಿಂದ ತಿವಿದಳು.

“ಅದೇನವ್ವ ಅಷ್ಟು ಕಣ್ಣು ಮುಚ್ಕಂಡು ಕೇಳ್ತೀಯ? ನಂಗೂ ಒಸಿ ಕೊಡು.”

ಚೈತ್ರ ಒಂದನ್ನು ತೆಗೆದು ಅತ್ತೆಯ ಕಿವಿಗಿಟ್ಟಳು. ಬೆಟ್ಟಮ್ಮ ಹುಬ್ಬು ಗಂಟು ಹಾಕಿ ಕೇಳಿದಳು.

“ಯಾರೂ ಬಾಯೇ ಬುಡ್ತಿಲ್ವಲ್ಲ?”

“ಇದ್ರಲ್ಲಿ ಮಾತಿಲ್ಲ ಅತ್ತೆ.”

“ನಮ್ ಬೋರಿನ ಮೋಟ್ರು ಸುಟ್ಟೋಗೋ ಮುಂಚೆ ಇಂಗೇ ಮಾಡ್ತಿತ್ತು,” ಎಂದಳು ಬೆಟ್ಟಮ್ಮ. ಆದರೆ ಗುಂಡಿ ತೆಗೆಯಲಿಲ್ಲ. ಅವಳ ಬೆರಳು ಮಡಿಲಿನ ಹಣ್ಣುಕಾಯಿ ಚೀಲದ ಮೇಲೆ ತಟ್ಟತೊಡಗಿತು. ಚೈತ್ರಳಿಗೆ ಒಳಗೊಳಗೇ ಖುಷಿಯಾಯಿತು. “ಚೆಂದಾಗದೆ ಬುಡು,” ಎಂದವಳೇ ಬೆಟ್ಟಮ್ಮ ತೀರಿಹೋದ ತನ್ನ ತಂಗಿಯ ಮಾತು ತೆಗೆದಳು. ತಂಗಿಯೂ ಹೀಗೆ ತಾಳ ಹಾಕುತ್ತಿದ್ದಳಂತೆ. ಗುಡಿ ಬರುವವರೆಗೂ ಆ ಮಾತು ನಿಲ್ಲಲಿಲ್ಲ, ನಿಲ್ಲಿಸುವ ಮನಸ್ಸು ಚೈತ್ರಳಿಗೂ ಬರಲಿಲ್ಲ.

ಶುಕ್ರವಾರ ಚಿಕ್ಕಸ್ವಾಮಿ ನೆನಪಿಸಿದ: “ಚೈತ್ರಕ್ಕ, ಆಯ್ತಾ? ಇಲ್ದಿದ್ರೆ ನಿಮ್ಮ ಜಾಗ ಬೇರೆಯವರಿಗೆ ಕೊಡ್ತೀನಿ. ಕಾಯ್ತಾವ್ರೆ.”

“ನನ್ನ ಜಾಗ ನನಗೇ ಇರಲಿ,” ಎಂದು ಬರೆದಳು.

ಸ್ನೇಹ ಇನ್ನೊಂದು ಉಪಾಯ ಹೇಳಿಕೊಟ್ಟಳು. “ತಲೆನೋವು ಅಂತ ಬಾಗ್ಲು ಹಾಕ್ಕಂಡು ಮಲ್ಕಂಬುಡು. ತಲೆನೋವಿಗಾದ್ರೆ ಯಾರೂ ಬೇಡ ಅನ್ನಲ್ಲ.”

ಚೈತ್ರ ಯೋಚಿಸಿದಳು. ನಿಜ, ಕಾಯಿಲೆಯಾದರೆ ಮಲಗಬಹುದು. ಆದರೆ ಹಾಡು ಕೇಳುವುದಕ್ಕೆ ಕಾಯಿಲೆ ಯಾಕೆ ಬೀಳಬೇಕು? ಶನಿವಾರ ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿಯೇಬಿಟ್ಟಳು.

“ನಾಳೆ ಬೆಳಿಗ್ಗೆ ನಂಗೆ ಒಂದು ಗಂಟೆ ಬೇಕು.”

“ಎಲ್ಲಿಗೋಗ್ಬೇಕು?” ಎಂದ ದಿಲೀಪ್.

“ಎಲ್ಲಿಗೂ ಇಲ್ಲ. ಹಾಡು ಕೇಳಕ್ಕೆ.”

“ಕೇಳು, ಯಾರ್ ಬ್ಯಾಡ ಅಂದ್ರು? ಕೆಲ್ಸ ಮಾಡ್ತಾ ಕೇಳು. ಅದ್ಕೇ ತಾನೆ ನಾನು ಅದನ್ನ ತಂದ್ಕೊಟ್ಟಿದ್ದು.”

ಅದೂ ನಿಜವೇ. ನೆಕ್‌ಬ್ಯಾಂಡು ತಂದುಕೊಟ್ಟವನು ಅವನೇ, ಅವಳ ಹುಟ್ಟುಹಬ್ಬಕ್ಕೆ. ಈ ಮನೆಯಲ್ಲಿ ಯಾರೂ ಯಾವುದಕ್ಕೂ ಬೇಡ ಅಂದವರಲ್ಲ. ಅಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಬೇಡ ಅನ್ನದ ಮನೆಯ ಜೊತೆ ಹೇಗೆ ಜಗಳವಾಡುವುದು?

“ಕೆಲ್ಸ ಮಾಡ್ತಾ ಅಲ್ಲ. ಸುಮ್ನೆ ಕೂತ್ಕಂಡು.”

ಬೆಟ್ಟಮ್ಮ ತುತ್ತು ಕೈಯಲ್ಲೇ ಹಿಡಿದು ಸೊಸೆಯನ್ನು ನೋಡಿದಳು. “ಸುಮ್ನೆ ಅಂದ್ರೆ?”

“ಸುಮ್ನೆ ಅಂದ್ರೆ ಸುಮ್ನೆ ಅತ್ತೆ.”

ಮಾವ ಬೋರಯ್ಯನಿಗೆ ಗಾಬರಿಯಾಯಿತು. “ಮೈಗೆ ಉಸಾರಿಲ್ವೇನವ್ವ? ಪಟ್ನಕ್ಕೋಗಿ ತೋರ್ಸ್ಕಂಡು ಬರೋದಾ?”

“ಉಷಾರಾಗಿದೀನಿ ಮಾವ.”

“ನಾಳೆ ಬೀಗ್ರು ಬತ್ತಾವ್ರಲ್ಲೇ,” ಎಂದ ದಿಲೀಪ್. ಕೆ.ಆರ್. ಪೇಟೆಯಲ್ಲಿದ್ದ ಅವನ ತಂಗಿ, ಅವಳ ಗಂಡ, ಅತ್ತೆ ಮಾವ ಎಲ್ಲರೂ ಮಧ್ಯಾಹ್ನದ ಬಾಡೂಟಕ್ಕೆ ಬರುವವರಿದ್ದರು.

“ಅವ್ರು ಬರೋದು ಊಟದ ಹೊತ್ಗೆ ತಾನೆ? ಅಷ್ಟ್ರಲ್ಲಿ ಎಲ್ಲಾ ಮುಗಿಸಿರ್ತೀನಿ,” ಎಂದಳು ಚೈತ್ರ. ಬೋರಯ್ಯ ಮಜ್ಜಿಗೆ ಕೇಳಿದ.

ಭಾನುವಾರ ಅವಳು ಎಂದಿಗಿಂತ ಮುಂಚೆ ಎದ್ದಳು. ದಿನದ ಕೆಲಸದ ಮೇಲೆ ಕೋಳಿ ತೊಳೆದು, ಮಸಾಲೆ ರುಬ್ಬಿ ಸಾರಿಗಿಟ್ಟಳು. ಅನ್ನಕ್ಕೆ ಅಕ್ಕಿ ತೊಳೆದಿಟ್ಟಳು. ಈರುಳ್ಳಿ ಹೆಚ್ಚಿ, ನಿಂಬೆಹಣ್ಣು ಕುಯ್ದು, ಎಲೆ ಒರೆಸಿ ಜೋಡಿಸಿದಳು. ಉಳಿದದ್ದು ಮುದ್ದೆ ಒಂದೇ. ಅದು ಮೊದಲೇ ಮಾಡಿಡುವ ಅಡುಗೆಯಲ್ಲ. ಬಿಸಿಯಾಗಿ ಎಲೆಗೆ ಬೀಳದಿದ್ದರೆ ಮನೆಯ ಮರ್ಯಾದೆ ಹೋದಂತೆ.

ಹಾಲಿನಲ್ಲಿ ಪೇಪರು ಹಿಡಿದು ಕೂತಿದ್ದ ಗಂಡನ ಮುಂದೆ ಬಂದು ನಿಂತಳು.

“ಎಸರಿಗೆ ನೀರು ಹಾಕಿ ಸಣ್ಣ ಉರೀಲಿ ಒಲೆ ಮೇಲಿಟ್ಟಿದೀನಿ. ಹಿಟ್ಟು ಅಳೆದಿಟ್ಟಿದೀನಿ, ಕೋಲು ಪಕ್ಕದಲ್ಲೇ ಅದೆ. ಅವ್ರು ಬೇಗ ಬಂದ್ರೆ ನೀವು ತಿರುವ್ಬುಡಿ.”

ದಿಲೀಪ್ ಪೇಪರು ಕೆಳಗಿಟ್ಟ. “ನಾನಾ?”

“ಹೋದ ತಿಂಗ್ಳು ಹರಿಸೇವೇಲಿ ಊರಿಗೆಲ್ಲ ಮುದ್ದೆ ತಿರುವಿದ್ದು ಯಾರು?”

ಅದನ್ನು ಅವನು ಅಲ್ಲಗಳೆಯುವಂತಿರಲಿಲ್ಲ. ಹರಿಸೇವೆ, ಬೀಗರೂಟ, ಪರ, ಹೀಗೆ ಊರಿಗೆ ಊಟ ಹಾಕುವ ಯಾವುದೇ ಇರಲಿ, ಬಯಲಿನಲ್ಲಿ ಒಲೆ ಹೂಡಿದರೆ ಅಡುಗೆ ಗಂಡಸರದ್ದು. ತಲೆಗೆ ಟವೆಲು ಸುತ್ತಿ, ಹಂಡೆಗೆ ಕೋಲು ಹಾಕಿ ದಿಲೀಪ್ ನಿಂತನೆಂದರೆ ನೋಡಲು ಜನ ಸೇರುತ್ತಿದ್ದರು. ಒಂದು ಗಂಟಿಲ್ಲದ ಹಿಟ್ಟು ಅಂದರೆ ಬೋರಯ್ಯನ ಮಗನದು ಅನ್ನುತ್ತಿದ್ದರು. ಚೈತ್ರ ದಿನಕ್ಕೆರಡು ಸಲ ತಿರುವುವುದನ್ನು ನೋಡಲು ಮಾತ್ರ ಯಾರೂ ಸೇರಿದ್ದಿಲ್ಲ.

“ಅದು ಬೇರೆ ಕಣೆ,” ಎಂದ ದಿಲೀಪ್.

“ಹಿಟ್ಟು ಅದೇ.”

“ಬೀಗ್ರ ಮುಂದೆ ನಾನು ಅಡ್ಗೆಮನೇಲಿ ನಿಂತ್ಕಳಾದಾ? ಏನಂದ್ಕಂತಾರೆ?”

“ಏನಂದ್ಕಂತಾರೋ ಆಮೇಲೆ ನಂಗೂ ಹೇಳಿ,” ಎಂದು ಚೈತ್ರ ತಾರಸಿಯ ಮೆಟ್ಟಿಲು ಹತ್ತಿದಳು.

ಆ ಮೆಟ್ಟಿಲನ್ನು ಅವಳು ಹತ್ತುತ್ತಿದ್ದದ್ದು ಒಗೆದ ಬಟ್ಟೆಯ ಬಕೆಟ್ಟಿನ ಜೊತೆ, ಇಲ್ಲವೇ ಒಣಹಾಕುವ ಮೆಣಸಿನಕಾಯಿಯ ಮೊರದ ಜೊತೆ. ಇವತ್ತು ಕೈ ಖಾಲಿ. ಖಾಲಿ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯದೆ ಒಂದನ್ನು ಸೊಂಟಕ್ಕಿಟ್ಟುಕೊಂಡಳು. ನೀರಿನ ಟ್ಯಾಂಕಿನ ನೆರಳಿನಲ್ಲಿ ಗೋಣಿಚೀಲ ಹಾಸಿ ಕೂತು, ಎರಡೂ ಕಿವಿಗೆ ಗುಂಡಿ ಸಿಕ್ಕಿಸಿ, ಹಾಡು ಶುರು ಮಾಡಿದಳು.

ಮೊದಲು ದೂರದಲ್ಲೆಲ್ಲೋ ಕಬ್ಬಿಣ ತಿರುಗಿದಂಥ ಸದ್ದು. ಆಮೇಲೆ ತೆಳ್ಳಗೆ ಒಂದು ಎಳೆ ಬಂತು, ಅದರ ಪಕ್ಕಕ್ಕೆ ಇನ್ನೊಂದು. ಇಷ್ಟು ದಿನ ಬಹುತೇಕ ಒಂದೇ ಕಿವಿಯಲ್ಲಿ ಕೇಳಿದವಳಿಗೆ ಈಗ ಗೊತ್ತಾಯಿತು, ಎಡಗಡೆ ಇನ್ನೊಬ್ಬರು ಇದ್ದರು. ಬಲದಲ್ಲಿ ಒಬ್ಬರು ಕೇಳಿದ್ದಕ್ಕೆ ಎಡದಲ್ಲಿ ಒಬ್ಬರು ಉತ್ತರ ಕೊಡುತ್ತಿದ್ದರು. ಸಿದ್ದಾರ್ಥ ಯಾವುದು, ಪ್ರಿಯಾಂಕ ಯಾವುದು ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ತಾಳ ದಪ್ಪವಾಯಿತು, ಬೆನ್ನಿಗೆ ತಾಗಿದ ಟ್ಯಾಂಕೇ ಅದುರುತ್ತಿದೆ ಅನ್ನಿಸಿತು. ಒಮ್ಮೆ ಅವಳ ಮನಸ್ಸು ಸಾರಿನ ಉರಿ ಸಣ್ಣಗೆ ಮಾಡಿದೆನಾ ಅಂತ ಕೆಳಗಿಳಿಯಿತು. ಎಳೆದು ತಂದು ಕೂರಿಸಿದಳು. ಮತ್ತೊಮ್ಮೆ ಇಳಿಯಿತು. ಮತ್ತೆ ತಂದಳು. ಮೂರನೇ ಸಲ ಅದು ತಾನೇ ಕೂತಿತು.

ಆಮೇಲೆ ಸದ್ದು ಇಳಿಯತೊಡಗಿತು. ಸಣ್ಣಗಾಯಿತು, ಒರತೆಯಂತಾಯಿತು, ನಿಂತಿತು.

ಆ ಮೌನದೊಳಕ್ಕೆ ಮನೆ ಬಂತು. ಗೇಟಿನ ಕಿರ್ರ್ ಸದ್ದು, ಚಪ್ಪಲಿ ಬಿಡುವ ಸದ್ದು. ಬೀಗರು ಬೇಗ ಬಂದಿದ್ದರು. ಹಾಡು ಜೋರಾಗಿದ್ದಾಗ ಬಂದಿದ್ದರೆ ಕೇಳಿಸಲಿಲ್ಲ ಅನ್ನಬಹುದಿತ್ತು. ಈಗ ಒಂದೊಂದು ಮಾತೂ ಬಿಡಿಸಿಟ್ಟ ಹಾಗೆ ಕೇಳಿಸುತ್ತಿತ್ತು.

“ಅತ್ಗೆ ಎಲ್ಲವ್ವ?” ನಾದಿನಿಯ ದನಿ.

“ಮ್ಯಾಲವ್ಳೆ ಕಣವ್ವ. ಅದೇನೋ ಸುಮ್ನೆ ಕೂತ್ಕಬೇಕಂತೆ.” ಬೆಟ್ಟಮ್ಮ. ಯಾರೋ ನಕ್ಕರು. ಒಳಗೆ ಪಾತ್ರೆಯ ಮುಚ್ಚಳ ಕುಣಿಯತೊಡಗಿತು. ಬೆಟ್ಟಮ್ಮನ ದನಿ ಹಿತ್ತಲಿಗೆ ಬಂದು ಏರಿತು. “ಚೈತ್ರಾ, ಎಸ್ರು ಬಂತು ಕಣವ್ವಾ! ಇಳುದ್ ಬಾ!”

ಮೆಟ್ಟಿಲ ಬುಡದಲ್ಲಿ ದಿಲೀಪನ ದನಿ, ಬೀಗರಿಗೆ ಕೇಳಿಸದಷ್ಟು ತಗ್ಗಿಸಿ: “ಏ ಚೈತ್ರ, ನೀರು ಉಕ್ತಾ ಅದೆ.”

ಹೆಬ್ಬೆರಳು ತಾನಾಗೇ ಫೋನಿನ ಮೇಲೆ ಬಂದು ನಿಂತಿತ್ತು. ಒತ್ತಿದರೆ ನಿಲ್ಲುತ್ತದೆ. ಹಿಟ್ಟು ತಿರುವಿ, ಮುದ್ದೆ ಕಟ್ಟಿ, ಬಡಿಸಿ, ಎಲೆ ಎತ್ತಿ, ಮತ್ತೆ ಬಂದು ಒತ್ತಿದರೆ ಬಿಟ್ಟಲ್ಲಿಂದಲೇ ಶುರುವಾಗುತ್ತದೆ. ಕಿವಿಯಲ್ಲಿ ಹೇಗೂ ಏನೂ ಇಲ್ಲ. ಏನೂ ಇಲ್ಲದ್ದನ್ನು ನಿಲ್ಲಿಸಿದರೆ ಅದು ನಿಲ್ಲಿಸಿದಂತಾಗುತ್ತದೆಯೆ? ಸಾಯಂಕಾಲ ಕೇಳುವವರಿಗೆ ಅದು ಗೊತ್ತಾಗುವುದೂ ಇಲ್ಲ.

ಚೈತ್ರ ಎದ್ದಳು. ಫೋನು ಕೈಯಲ್ಲಿ, ಗುಂಡಿಗಳು ಕಿವಿಯಲ್ಲೇ. ಗೋಡೆಯಂಚಿಗೆ ಬಂದು ಬಗ್ಗಿ ನೋಡಿದಳು. ಹಿತ್ತಲಿನಲ್ಲಿ ಅತ್ತೆ, ಮೆಟ್ಟಿಲ ಬುಡದಲ್ಲಿ ಗಂಡ, ಅಡುಗೆಮನೆಯ ಬಾಗಿಲಲ್ಲಿ ನಾದಿನಿ. ಮೂವರೂ ಮೇಲೆ ನೋಡುತ್ತಿದ್ದರು.

“ಕೇಳಿಸ್ತು,” ಎಂದಳು, ಹಾಲಿನಲ್ಲಿ ಕೂತಿದ್ದ ಬೀಗರಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ಹಾಡು ಇನ್ನೂ ಮುಗ್ದಿಲ್ಲ. ಮುಗುದ್ ಮ್ಯಾಲೆ ಬತ್ತೀನಿ.”

ಯಾರು ಏನೆಂದರೋ ಕೇಳಲು ನಿಲ್ಲಲಿಲ್ಲ. ಟ್ಯಾಂಕಿನ ನೆರಳಿಗೆ ವಾಪಸು ಬಂದು, ಫೋನನ್ನು ಗೋಣಿಚೀಲದ ಮೇಲೆ ಕವುಚಿಟ್ಟು, ಕಾಲು ನೀಡಿ ಕೂತಳು.